ಮೂಗು ಒಂದು ಕಡೆ, ದಾರಿ ಒಂದು ಕಡೆ

ನೋಡಮ್ಮ, ನೀನು ಕೊಂಡಿರುವ ಸೆಕೆಂಡ್‌ಹ್ಯಾಂಡ್ ಜಿಪಿಎಸ್ ಕೆಟ್ಟಿಲ್ಲ. ಏಪ್ರನ್ ಮೇಲೆ ನಿಂತ ವಿಮಾನದಲ್ಲಿ ಕೂತು ನೋಡಿದರೆ ಒಮ್ಮೆ ಪೂರ್ವ ಅನ್ನುತ್ತೆ, ಇನ್ನೊಮ್ಮೆ ನೈಋತ್ಯ ಅನ್ನುತ್ತೆ, ಆಮೇಲೆ ಅಡ್ಡಗೀಟು ಹಾಕಿಕೊಂಡು ಸುಮ್ಮನಾಗುತ್ತೆ, ಅಂಗಡಿಯವನು ಕೆಟ್ಟ ಮಾಲು ದಾಟಿಸಿಬಿಟ್ಟನಾ ಮಾವ ಅಂತ ಕೇಳಿದ್ದೀಯ. ಅಂಗಡಿಯವನ ತಪ್ಪಿಲ್ಲ. ನಿಂತಲ್ಲಿ ನಿಂತಿರುವಾಗ ನೀನು ಯಾವ ಕಡೆಗೆ ಮುಖ ಮಾಡಿದ್ದೀಯ ಅನ್ನೋದು ಆ ಡಬ್ಬಿಗೆ ಗೊತ್ತಾಗೋದೇ ಇಲ್ಲ. ಗೊತ್ತಿಲ್ಲದ್ದನ್ನ ಕೇಳಿದರೆ ಏನೋ ಒಂದು ಹೇಳುತ್ತೆ, ಅಷ್ಟೆ.

ಇದನ್ನ ಫೋನಿನಲ್ಲಿ ಎರಡು ಮಾತಿನಲ್ಲಿ ಮುಗಿಸಬಹುದಿತ್ತು. ಆದರೆ ವಿಮಾನ ಹಾರಿಸೋದನ್ನ ಕಲಿಸುತ್ತಿದ್ದ ಕಾಲದಲ್ಲಿ ಜಾಣ ಹುಡುಗ ಹುಡುಗಿಯರೇ ಈ ಒಂದು ಜಾಗದಲ್ಲಿ ಮುಗ್ಗರಿಸೋದನ್ನ ನೋಡಿದ್ದೀನಿ. ಅದಕ್ಕೇ ಕೂತು ಬರೀತಾ ಇದ್ದೀನಿ. ನಿಧಾನವಾಗಿ ಓದು.

ಮೊದಲು ಆ ಡಬ್ಬಿ ಏನು ಮಾಡುತ್ತೆ ಅಂತ ತಿಳಕೊ. ನೆಲದಿಂದ ಸುಮಾರು 20,200 ಕಿಲೋಮೀಟರು ಎತ್ತರದಲ್ಲಿ ಜಿಪಿಎಸ್ ಉಪಗ್ರಹಗಳು ದಿನಕ್ಕೆ ಎರಡು ಸುತ್ತಿನಂತೆ ಭೂಮಿಯನ್ನ ಸುತ್ತುತ್ತಾ, ಗಡಿಯಾರ ನೋಡಿಕೊಂಡು ತಮ್ಮ ಸಮಯವನ್ನ ಸಾರುತ್ತಾ ಇರುತ್ತವೆ. ನಾಲ್ಕು ಉಪಗ್ರಹಗಳ ಸಂಕೇತ ಸಿಕ್ಕರೆ ನೀನೆಲ್ಲಿದ್ದೀಯ, ಎಷ್ಟು ಎತ್ತರದಲ್ಲಿದ್ದೀಯ ಅನ್ನೋದು ಲೆಕ್ಕಕ್ಕೆ ಸಿಗುತ್ತೆ. ಅದರ ಜೊತೆಗೆ ಆ ಸಂಕೇತಗಳ ಆವರ್ತನ ಎಷ್ಟು ಏರಿತು, ಎಷ್ಟು ಇಳಿಯಿತು ಅಂತಲೂ ಅದು ಅಳೆಯುತ್ತೆ. ರೈಲು ಹತ್ತಿರ ಬರುವಾಗ ಹಾರನ್ನಿನ ಸದ್ದು ಬೇರೆ, ದಾಟಿಹೋದ ಮೇಲೆ ಬೇರೆ ಅಂತ ಹೈಸ್ಕೂಲಿನಲ್ಲಿ ಓದಿದ್ದೀಯಲ್ಲ, ಅದೇ ಡಾಪ್ಲರ್ ಪರಿಣಾಮ. ನಿನ್ನ ವೇಗ ಎಷ್ಟು, ಯಾವ ಕಡೆಗೆ ಅನ್ನೋದು ಅದರಿಂದ ಬರುತ್ತೆ. ಗ್ರೌಂಡ್ ಸ್ಪೀಡ್ ಮತ್ತು ಟ್ರ್ಯಾಕ್ ಅಂತ ಪರದೆಯ ಮೇಲೆ ಕಾಣುವ ಎರಡು ಅಂಕಿ ಇವೇ. ಎರಡೂ ಹುಟ್ಟೋದು ಚಲನೆಯಿಂದ. ಚಲನೆ ಇಲ್ಲದಿದ್ದರೆ ಟ್ರ್ಯಾಕ್ ಅನ್ನೋದೇ ಇಲ್ಲ.

ನಿಂತಾಗ ಅಂಕಿ ಯಾಕೆ ಕುಣಿಯುತ್ತೆ ಅಂತ ಕೇಳಬಹುದು. ಲೆಕ್ಕದಲ್ಲಿ ಯಾವಾಗಲೂ ಒಂದಿಷ್ಟು ಅಲುಗಾಟ ಇರುತ್ತೆ. ನಿನ್ನ ಸ್ಥಾನ ಒಂದೆರಡು ಮೀಟರು ಆಚೆ ಈಚೆ ಸರಿದಂತೆ ಕಂಡರೆ, ಆ ಸರಿದ ದಿಕ್ಕನ್ನೇ ಡಬ್ಬಿ ನಿನ್ನ ಪಯಣ ಅಂದುಕೊಳ್ಳುತ್ತೆ. ನಮ್ಮ ಕಾಲದ ಯಂತ್ರಗಳು ಇನ್ನೂ ತಮಾಷೆಯಾಗಿದ್ದವು. ಅಮೆರಿಕದವರು ಜನಬಳಕೆಯ ಸಂಕೇತವನ್ನ ಬೇಕಂತಲೇ ಕೆಡಿಸಿ ಕೊಡುತ್ತಿದ್ದ ದಿನಗಳವು. 2000ನೇ ಇಸವಿ ಮೇ ಮೊದಲ ತಾರೀಖಿನ ರಾತ್ರಿ ಅದನ್ನ ನಿಲ್ಲಿಸಿದರು. ಅದಕ್ಕೂ ಮೊದಲು ಜಿಪಿಎಸ್ಸನ್ನ ಮೇಜಿನ ಮೇಲಿಟ್ಟು ಕಾಫಿ ಕುಡಿಯುತ್ತಾ ಕೂತರೆ, ಅದು ತನ್ನ ಪಾಡಿಗೆ ವಾಕಿಂಗ್ ಹೊರಟಿರುತ್ತಿತ್ತು.

ಒಂದು ಪರೀಕ್ಷೆ ಮಾಡಿ ನೋಡು. ಬೇರೆಯವರು ವಿಮಾನ ಹಾರಿಸುತ್ತಿರುವಾಗ ಪಕ್ಕದ ಸೀಟಿನಲ್ಲಿ ಕೂತು, ಟ್ರ್ಯಾಕ್ ಅಂಕಿಯ ಮೇಲೆ ಕಣ್ಣಿಟ್ಟು, ಕೈಯಲ್ಲಿರುವ ಡಬ್ಬಿಯನ್ನ ಬಾಲದ ಕಡೆ ತಿರುಗಿಸು, ಅಡ್ಡ ಹಿಡಿ. ಅಂಕಿ ಕದಲೋದಿಲ್ಲ. ಡಬ್ಬಿ ಯಾವ ಕಡೆ ನೋಡುತ್ತಿದೆ ಅನ್ನೋದಕ್ಕೆ ಅಲ್ಲಿ ಬೆಲೆಯೇ ಇಲ್ಲ. ಹಾಗೆಯೇ ವಿಮಾನದ ಮೂಗು ಯಾವ ಕಡೆ ನೋಡುತ್ತಿದೆ ಅನ್ನೋದಕ್ಕೂ ಬೆಲೆ ಇಲ್ಲ. ನಾನು ಹೇಳಬೇಕಾದ್ದೆಲ್ಲ ಈ ಎರಡನೆಯ ಮಾತಿನಲ್ಲೇ ಇದೆ.

ಚಾರಣಕ್ಕೆ ಅಂತ ಮಾರುವ ಕೆಲವು ಜಿಪಿಎಸ್‌ಗಳಲ್ಲಿ, ನಿನ್ನ ಮೊಬೈಲಿನಲ್ಲೂ, ಎಲೆಕ್ಟ್ರಾನಿಕ್ ದಿಕ್ಸೂಚಿ ಬೇರೆ ಇರುತ್ತೆ. ಅದು ಅಯಸ್ಕಾಂತದ ಲೆಕ್ಕ, ಉಪಗ್ರಹದ್ದಲ್ಲ. ನಿಂತಾಗಲೂ ಕೆಲಸ ಮಾಡುತ್ತೆ, ನಿಜ. ಆದರೆ ಕಾಕ್‌ಪಿಟ್ಟಿನಲ್ಲಿ ಸುತ್ತ ಕಬ್ಬಿಣ, ವೈರು, ಸ್ಪೀಕರು. ಅಲ್ಲಿ ಅದನ್ನ ನಂಬಬೇಡ. ಆ ಸೌಲಭ್ಯ ಇದ್ದರೆ ಸೆಟ್ಟಿಂಗಿಗೆ ಹೋಗಿ ಆಫ್ ಮಾಡಿಬಿಡು. ಇಲ್ಲದಿದ್ದರೆ ವೇಗ ಕಡಿಮೆಯಾದಾಗ ಅದು ಸದ್ದಿಲ್ಲದೆ ಒಂದು ಲೆಕ್ಕದಿಂದ ಇನ್ನೊಂದಕ್ಕೆ ಜಿಗಿಯುತ್ತೆ, ನಿನಗೆ ತಿಳಿಯೋದೇ ಇಲ್ಲ.

ಹೊಳೆ ದಾಟಿಸುವ ಅಂಬಿಗನನ್ನ ನೋಡಿದ್ದೀಯಲ್ಲ. ಎದುರು ದಡದ ಕಟ್ಟೆಗೆ ಹೋಗಬೇಕಾದರೆ ದೋಣಿಯ ಮೂತಿಯನ್ನ ಕಟ್ಟೆಗೆ ಇಡೋದಿಲ್ಲ, ನೀರು ಬರುವ ಕಡೆಗೆ ಒಂದಿಷ್ಟು ಓರೆಯಾಗಿ ಇಡುತ್ತಾನೆ. ದೋಣಿ ಓರೆಯಾಗೇ ಸಾಗಿ ನೆಟ್ಟಗೆ ಕಟ್ಟೆಗೆ ಮುಟ್ಟುತ್ತೆ. ಮೂತಿ ಇಟ್ಟ ದಿಕ್ಕು ಹೆಡಿಂಗ್, ದೋಣಿ ನಿಜವಾಗಿ ಹೋದ ಗೆರೆ ಟ್ರ್ಯಾಕ್. ನಿನ್ನ ಕೈಯಲ್ಲಿರುವ ಜಿಪಿಎಸ್ಸಿಗೆ ಗೊತ್ತಿರೋದು ಎರಡನೆಯದು ಮಾತ್ರ. ಮೊದಲನೆಯದನ್ನ ಹೇಳೋದು ನಿನ್ನ ಕಂಪಾಸು ಮತ್ತು ಡಿಜಿ, ಅಂದರೆ ಡೈರೆಕ್ಷನಲ್ ಜೈರೋ.

ಇದು ಎಲ್ಲರೂ ಮೊದಲ ವಾರವೇ ಕಲಿಯೋ ವಿಷಯ ಅಂತ ಮೂಗು ಮುರೀಬೇಡ. ಪರೀಕ್ಷೆಯಲ್ಲಿ ಬರೆಯೋದು ಬೇರೆ, ಕಿಟಕಿಯಾಚೆ ಮೋಡ ಕವಿದಾಗ ನೆನಪಾಗೋದು ಬೇರೆ. ಬಾ, ಲೆಕ್ಕ ಹಾಕೋಣ.

ಬೆಂಗಳೂರಿನ ಜಕ್ಕೂರು ಏರೋಡ್ರೋಮಿನಿಂದ ಮೈಸೂರಿನ ಮಂಡಕಳ್ಳಿ ವಿಮಾನ ನಿಲ್ದಾಣಕ್ಕೆ ನೇರ ಗೆರೆ ಎಳೆದರೆ ಸುಮಾರು 75 ನಾಟಿಕಲ್ ಮೈಲಿ, ದಿಕ್ಕು 227 ಡಿಗ್ರಿ. ನಗರದ ಮೇಲಿನ ನಿಯಂತ್ರಿತ ವಾಯುಪ್ರದೇಶದ ರಗಳೆಯನ್ನ ಪಕ್ಕಕ್ಕಿಡು, ಇದು ಬರೀ ಲೆಕ್ಕ. ಜುಲೈ ತಿಂಗಳು ಅಂದುಕೊ. ಪಡುವಣದಿಂದ, ಸರಿಯಾಗಿ 270ರಿಂದ, 25 ನಾಟ್ ಗಾಳಿ. ಮಳೆಗಾಲದಲ್ಲಿ ಐದು ಸಾವಿರ ಅಡಿಯಲ್ಲಿ ಇದೇನೂ ಹೆಚ್ಚಲ್ಲ. ನಿನ್ನ ವಿಮಾನ ಗಾಳಿಯಲ್ಲಿ 90 ನಾಟ್ ಓಡುತ್ತೆ. ನೀನು ನಕ್ಷೆಯಲ್ಲಿ 227 ನೋಡಿ, ಡಿಜಿಯಲ್ಲಿ 227 ಹಿಡಿದು, ಬಲು ಶಿಸ್ತಿನಿಂದ ಒಂದು ಗಂಟೆ ಕೂತೆ ಅಂದುಕೊ. ಗಾಳಿ ನಿನ್ನನ್ನ ಎಡಕ್ಕೆ ತಳ್ಳುತ್ತೆ. ನೆಲದ ಮೇಲೆ ನಿನ್ನ ಗೆರೆ 227 ಅಲ್ಲ, ಹೆಚ್ಚುಕಡಿಮೆ 214. ಮದ್ದೂರು, ಮಂಡ್ಯದ ಕಬ್ಬಿನ ಗದ್ದೆಗಳೆಲ್ಲ ದೂರ ಬಲಕ್ಕೆ ಉಳಿದುಬಿಡುತ್ತವೆ. ಮಳವಳ್ಳಿಯ ಪಕ್ಕದಿಂದ ಹಾದು ಕಾವೇರಿ ದಾಟುತ್ತೀಯ. ಗಂಟೆ ಮುಗಿಯುವ ಹೊತ್ತಿಗೆ ಮುಂದೆ ಕಾಣಬೇಕಾದ ಚಾಮುಂಡಿ ಬೆಟ್ಟ ಇರೋದಿಲ್ಲ, ಚಾಮರಾಜನಗರ ಹತ್ತಿರ ಬಂದಿರುತ್ತೆ. ಮೈಸೂರು ನಿನ್ನ ಬಲಕ್ಕೆ 17 ನಾಟಿಕಲ್ ಮೈಲಿ, ಅಂದರೆ ಮೂವತ್ತು ಕಿಲೋಮೀಟರಿಗೂ ಹೆಚ್ಚು ದೂರ.

ಅದೇ ಹೊತ್ತಿನಲ್ಲಿ ಜಿಪಿಎಸ್ಸನ್ನ ಕೇಳಿದ್ದರೆ, ಹೊರಟ ಎರಡೇ ನಿಮಿಷಕ್ಕೆ ಟ್ರ್ಯಾಕ್ 214 ಅಂತ ಹೇಳುತ್ತಿತ್ತು. ಡಿಜಿ 227, ಜಿಪಿಎಸ್ 214. ಇಲ್ಲಿ ಇಬ್ಬರು ಹುಡುಗರು ಎರಡು ಥರ ತಪ್ಪು ಮಾಡುತ್ತಾರೆ. ಒಬ್ಬ ಜಿಪಿಎಸ್ ಸುಳ್ಳು ಹೇಳುತ್ತಿದೆ ಅಂತ ಆರಿಸುತ್ತಾನೆ. ಇನ್ನೊಬ್ಬ, ಇವನು ಹೆಚ್ಚು ಅಪಾಯದವನು, ಉಪಗ್ರಹ ತಪ್ಪುತ್ತದೆಯೇ, ಡಿಜಿ ಜಾರಿದೆ ಅಂತ ಡಿಜಿಯ ಗುಬುಟನ್ನ ತಿರುಗಿಸಿ 214ಕ್ಕೆ ತಂದು ಕೂರಿಸುತ್ತಾನೆ. ಈಗ ಅವನ ಬಳಿ ಮೂಗಿನ ದಿಕ್ಕನ್ನ ಸರಿಯಾಗಿ ಹೇಳುವ ಉಪಕರಣ ಕಂಪಾಸು ಒಂದೇ. ಅದನ್ನ ಅವನು ನೋಡುತ್ತಿಲ್ಲ.

ಈ ಎರಡನೆಯದನ್ನ ಮನಸ್ಸಿನಲ್ಲಿ ಗಟ್ಟಿಯಾಗಿ ಕೂರಿಸಿಕೊ. ಡಿಜಿ ಜೈರೋಸ್ಕೋಪು, ಅದು ಮೆಲ್ಲಗೆ ಜಾರೋದು ನಿಜ. ಹತ್ತು ಹದಿನೈದು ನಿಮಿಷಕ್ಕೊಮ್ಮೆ ಸರಿಪಡಿಸಬೇಕು. ಸರಿಪಡಿಸೋದು ಕಂಪಾಸಿಗೆ, ನೇರವಾಗಿ, ಸಮಮಟ್ಟದಲ್ಲಿ, ಒಂದೇ ವೇಗದಲ್ಲಿ ಹಾರುತ್ತಿರುವಾಗ. ಜಿಪಿಎಸ್ ಟ್ರ್ಯಾಕಿಗೆ ಎಂದೂ ಅಲ್ಲ. ಡಿಜಿಗೂ ಟ್ರ್ಯಾಕಿಗೂ ಇರುವ ಅಂತರ ದೋಷವಲ್ಲ. ಅದು ಗಾಳಿ.

ಹಾಗಾದರೆ ಮೈಸೂರಿಗೆ ಹೋಗೋದು ಹೇಗೆ? ಮೂಗನ್ನ ಬಲಕ್ಕೆ, 238ರ ಸುಮಾರಿಗೆ ಇಡು. ಟ್ರ್ಯಾಕ್ 227ಕ್ಕೆ ಬಂದು ನಿಲ್ಲುತ್ತೆ. ಗ್ರೌಂಡ್ ಸ್ಪೀಡ್ 70 ನಾಟ್ ತೋರಿಸುತ್ತೆ, ಗಂಟೆ ಮೇಲೆ ನಾಲ್ಕೈದು ನಿಮಿಷಕ್ಕೆ ಮಂಡಕಳ್ಳಿ. ಆ 238ನ್ನ ನೆಲದ ಮೇಲೆ ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿರಬಹುದು, ಆದರೆ ಹವಾಮಾನದವರು ಹೇಳಿದ ಗಾಳಿಗೂ ಮೇಲೆ ಸಿಗುವ ಗಾಳಿಗೂ ನೆಂಟಸ್ತನ ದೂರದ್ದು. ಮೇಲೆ ಹೋದಮೇಲೆ ಮಾಡಬೇಕಾದ್ದು ಇಷ್ಟೇ. ಪರದೆಯ ಮೇಲೆ ಬೇರಿಂಗ್ ಅಂತ ಒಂದು ಅಂಕಿ ಇರುತ್ತೆ, ನೀನಿರುವ ಜಾಗದಿಂದ ಊರು ಯಾವ ದಿಕ್ಕಿಗಿದೆ ಅಂತ ಹೇಳೋದು. ಅದರ ಪಕ್ಕ ಟ್ರ್ಯಾಕ್. ಎರಡೂ ಒಂದೇ ಆಗುವವರೆಗೆ ಮೂಗನ್ನ ಒಂದೊಂದೇ ಡಿಗ್ರಿ ಸರಿಸು. ಆದ ಮೇಲೆ ಡಿಜಿ ಎಷ್ಟಿದೆ ನೋಡಿಕೊಂಡು ಆ ಅಂಕಿಯನ್ನೇ ಹಿಡಿ. ಜಿಪಿಎಸ್ಸನ್ನ ದಿಟ್ಟಿಸಿಕೊಂಡು ಹಾರಬೇಡ, ಅದು ತಡವಾಗಿ ಮಾತಾಡುತ್ತೆ. ಯಾಕೆ ಅಂತ ಆಮೇಲೆ ಹೇಳುತ್ತೀನಿ.

ಬೇರಿಂಗನ್ನ ಟ್ರ್ಯಾಕಿಗೆ ಹೊಂದಿಸದೆ ಮೂಗಿಗೆ ಹೊಂದಿಸಿದರೆ ಏನಾಗುತ್ತೆ ಗೊತ್ತೆ? ಬೇರಿಂಗ್ 227, ಡಿಜಿಯಲ್ಲಿ 227 ಹಿಡಿದೆ. ಗಾಳಿ ಎಡಕ್ಕೆ ತಳ್ಳಿತು. ಬೇರಿಂಗ್ 230 ಆಯಿತು, ಮೂಗು 230ಕ್ಕೆ ತಿರುಗಿಸಿದೆ. ಮತ್ತೆ ತಳ್ಳಿತು, 235. ಹೀಗೆ ಬಾಗುತ್ತಾ ಬಾಗುತ್ತಾ, ಊರಿನ ಪೂರ್ವಕ್ಕೆ ದೊಡ್ಡ ಬಿಲ್ಲಿನ ಹಾಗೆ ಸುತ್ತಿ, ಕೊನೆಗೆ ಗಾಳಿಗೆ ಎದುರಾಗಿ ಊರು ಸೇರುತ್ತೀಯ. ಸೇರುತ್ತೀಯ ಅನ್ನೋದು ನಿಜ. ಆದರೆ ಹೊತ್ತೂ ಪೆಟ್ರೋಲೂ ಹೆಚ್ಚು ಸುಟ್ಟು, ನಕ್ಷೆಯಲ್ಲಿ ಗುರುತು ಹಾಕಿಕೊಂಡ ಕೆರೆ, ರೈಲುದಾರಿ ಯಾವುದನ್ನೂ ಕಾಣದೆ, ನೀನು ತಪ್ಪಿಸಿಕೊಂಡು ಹೋಗಬೇಕು ಅಂದುಕೊಂಡಿದ್ದ ಗುಡ್ಡದ ಮೇಲೇ ಹಾದು ಸೇರುತ್ತೀಯ.

ಇನ್ನು ಪ್ಯಾನೆಲ್ ಪೇಜು ಅನ್ನೋದು. ಗಾರ್ಮಿನ್ ಕಂಪನಿಯ ವಿಮಾನದ ಹ್ಯಾಂಡ್‌ಹೆಲ್ಡ್‌ಗಳಲ್ಲಿ ಒಂದು ಪುಟ ತೆರೆದರೆ ಥೇಟ್ ದಿಕ್ಕು ತೋರಿಸುವ ನಿಜವಾದ ಎಚ್‌ಎಸ್‌ಐ ಉಪಕರಣದ ಹಾಗೇ ಕಾಣುತ್ತೆ. ದುಂಡು ತಟ್ಟೆ, ಸುತ್ತ ಡಿಗ್ರಿ, ನಡುವೆ ಸೂಜಿ. ನೋಡಲು ಬಲು ಚೆಂದ. ಅದಕ್ಕೇ ಮೋಸ ಹೋಗೋದು. ನಿಜವಾದ ಎಚ್‌ಎಸ್‌ಐ ತಲೆಯ ಮೇಲೆ ತೋರಿಸೋದು ಮೂಗಿನ ದಿಕ್ಕು. ಈ ಪರದೆಯ ತಟ್ಟೆ ತಲೆಯ ಮೇಲೆ ತೋರಿಸೋದು ಟ್ರ್ಯಾಕು. ನಮ್ಮ ಮೈಸೂರು ದಾರಿಯಲ್ಲಿ ಎಲ್ಲ ಸರಿಯಾಗಿ ಹೊಂದಿಸಿಕೊಂಡು ಹಾರುತ್ತಿದ್ದೀಯ ಅಂದುಕೊ. ಪರದೆಯಲ್ಲಿ ಬಾಣ ನೆಟ್ಟಗೆ ಮೇಲಕ್ಕಿದೆ. ಊರು ನೇರ ಮುಂದೆ ಅಂತ ಅರ್ಥ ಮಾಡಿಕೊಂಡು ಎಂಜಿನ್ನಿನ ಮೇಲಿಂದ ಇಣುಕಿ ರನ್‌ವೇ ಹುಡುಕುತ್ತೀಯ. ಸಿಗೋದಿಲ್ಲ. ನಿನ್ನ ಮೂಗು ದಾರಿಗಿಂತ ಹನ್ನೊಂದು ಡಿಗ್ರಿ ಬಲಕ್ಕಿದೆ, ಆದ್ದರಿಂದ ರನ್‌ವೇ ಮೂಗಿನಿಂದ ಹನ್ನೊಂದು ಡಿಗ್ರಿ ಎಡಕ್ಕಿದೆ. ಹತ್ತು ಮೈಲಿ ದೂರದಲ್ಲಿ ಹನ್ನೊಂದು ಡಿಗ್ರಿ ಅಂದರೆ ಎರಡು ಮೈಲಿ. ಮಂಜು ಮುಸುಕಿದ ಮಧ್ಯಾಹ್ನ ಎರಡು ಮೈಲಿ ಪಕ್ಕದಲ್ಲಿ ಹುಡುಕುತ್ತಾ ಕೂತರೆ ತಲೆಯ ಮೇಲೆ ಬಂದರೂ ಕಾಣಿಸೋದಿಲ್ಲ. ನನ್ನ ಪಕ್ಕ ಕೂತು 'ಸರ್, ಜಿಪಿಎಸ್ ಇಲ್ಲೇ ಇದೆ ಅನ್ನುತ್ತೆ, ಕಾಣುತ್ತಿಲ್ಲ' ಅಂದವರಿಗೆ ನಾನು ಕೇಳುತ್ತಿದ್ದ ಮೊದಲ ಪ್ರಶ್ನೆ, ಡ್ರಿಫ್ಟ್, ಅಂದರೆ ಮೂಗಿಗೂ ದಾರಿಗೂ ಇರುವ ಅಂತರ, ಎಷ್ಟಪ್ಪ ಅಂತ.

ಕಂಟ್ರೋಲರ್ ರೇಡಿಯೋದಲ್ಲಿ 'ಟರ್ನ್ ಲೆಫ್ಟ್, ಹೆಡಿಂಗ್ 240' ಅಂದರೆ ಅವರು ಕೇಳಿದ್ದು ಹೆಡಿಂಗು. ಡಿಜಿಯಲ್ಲಿ 240 ಹಿಡಿ. ಜಿಪಿಎಸ್ಸಿನಲ್ಲಿ ಟ್ರ್ಯಾಕ್ 240 ಮಾಡೋಕೆ ಹೋಗಬೇಡ, ಅದು ಜಾಣತನ ಅಲ್ಲ. ಗಾಳಿಯ ಲೆಕ್ಕ ಅವರು ರಡಾರಿನಲ್ಲಿ ನೋಡಿಯೇ ಹಾಕಿರುತ್ತಾರೆ. ಆಕಾಶದಲ್ಲಿರುವ ಎಲ್ಲರೂ ಮೂಗಿನ ದಿಕ್ಕು ಹಿಡಿದರೆ ಎಲ್ಲರನ್ನೂ ಗಾಳಿ ಒಂದೇ ಕಡೆ ಸರಿಸುತ್ತೆ. ನೀನೊಬ್ಬಳು ಟ್ರ್ಯಾಕ್ ಹಿಡಿದರೆ, ಅವರು ಲೆಕ್ಕ ಹಾಕಿದ ಜಾಗದಲ್ಲಿ ನೀನು ಇರೋದಿಲ್ಲ.

ಹೆಡಿಂಗನ್ನೇ ದಾರಿ ಅಂತ ನಂಬಿ ಕೂತರೆ ಎಲ್ಲಿಗೆ ಮುಟ್ಟಬಹುದು ಅನ್ನೋದಕ್ಕೆ ಒಂದು ದೊಡ್ಡ ಕಥೆ ಇದೆ. 1983ರಲ್ಲಿ ಅಲಾಸ್ಕಾದ ಆಂಕರೇಜಿನಿಂದ ಸೋಲ್‌ಗೆ ಹೊರಟ ಕೊರಿಯನ್ ಏರ್ ಲೈನ್ಸ್‌ನ ಬೋಯಿಂಗ್ 747, ಫ್ಲೈಟ್ 007. ಇನರ್ಷಿಯಲ್ ನ್ಯಾವಿಗೇಷನ್ ಹೇಳಿದ ದಾರಿಯನ್ನ ಅದರ ಆಟೋಪೈಲಟ್ ಹಿಡಿಯಬೇಕಾಗಿತ್ತು. ಹಿಡಿಯಲಿಲ್ಲ. ಮ್ಯಾಗ್ನೆಟಿಕ್ 245 ಡಿಗ್ರಿ ಹೆಡಿಂಗನ್ನೇ ಗಂಟೆಗಟ್ಟಲೆ ಕಾದುಕೊಂಡು ಹೋಯಿತು, ಚಾಲಕರಿಗೆ ಅದು ಗಮನಕ್ಕೆ ಬರಲಿಲ್ಲ ಅಂತ ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ 1993ರ ವರದಿಯಲ್ಲಿ ತೀರ್ಮಾನಕ್ಕೆ ಬಂತು. ಮೂಗು ಅಲ್ಲಾಡಲಿಲ್ಲ. ದಾರಿ ಮಾತ್ರ ಮೆಲ್ಲಗೆ ಬಲಕ್ಕೆ ಸರಿದು ಸರಿದು ನೂರಾರು ಕಿಲೋಮೀಟರು ತಪ್ಪಿತು. ವಿಮಾನ ಕಮ್ಚಾಟ್ಕಾದ ಮೇಲೆ ಹಾದು, ಸಖಾಲಿನ್ ಹತ್ತಿರ ಬಂದಾಗ, ಸೆಪ್ಟೆಂಬರ್ 1ರಂದು ಸೋವಿಯತ್ ಯುದ್ಧವಿಮಾನ ಅದನ್ನ ಹೊಡೆದು ಬೀಳಿಸಿತು. ಒಳಗಿದ್ದ 269 ಜನರಲ್ಲಿ ಒಬ್ಬರೂ ಉಳಿಯಲಿಲ್ಲ. ಜಿಪಿಎಸ್ ಸಿದ್ಧವಾದ ಮೇಲೆ ಲೋಕದ ನಾಗರಿಕ ವಿಮಾನಗಳಿಗೂ ಅದನ್ನ ಬಿಟ್ಟುಕೊಡುತ್ತೇವೆ ಅಂತ ಅಮೆರಿಕದ ಅಧ್ಯಕ್ಷ ರೇಗನ್ ಸರ್ಕಾರ ಸಾರಿದ್ದು ಅದೇ ತಿಂಗಳು. ನಿನ್ನ ಕೈಯಲ್ಲಿರುವ ಡಬ್ಬಿಗೆ ಹಾಗೊಂದು ಹಿನ್ನೆಲೆ ಇದೆ.

ಅಕ್ಕನಿಗೆ ಈ ಭಾಗ ಓದಿ ಹೇಳಬೇಡ. ಮೊದಲೇ ನಿದ್ದೆ ಮಾಡುತ್ತಿಲ್ಲವಂತೆ.

ತಡವಾಗಿ ಮಾತಾಡುತ್ತೆ ಅಂದೆನಲ್ಲ. ಹಳೆಯ ಹ್ಯಾಂಡ್‌ಹೆಲ್ಡ್‌ಗಳು ಸೆಕೆಂಡಿಗೊಮ್ಮೆ ಹೊಸ ಅಂಕಿ ಕೊಡುತ್ತವೆ. ಅಲುಗಾಟ ಕಡಿಮೆ ಮಾಡಲು ಒಳಗೆ ಒಂದಿಷ್ಟು ಸರಾಸರಿಯನ್ನೂ ತೆಗೆಯುತ್ತವೆ. ಸ್ಟ್ಯಾಂಡರ್ಡ್ ರೇಟ್ ತಿರುವಿನಲ್ಲಿ ನೀನು ಸೆಕೆಂಡಿಗೆ ಮೂರು ಡಿಗ್ರಿ ತಿರುಗುತ್ತೀಯ. ಡಬ್ಬಿ ಎರಡು ಸೆಕೆಂಡು ಹಿಂದೆ ಬಿದ್ದರೆ ಆರು ಡಿಗ್ರಿ ಹೋಯಿತು. ಅದನ್ನೇ ನೋಡಿಕೊಂಡು ರೆಕ್ಕೆ ಸಮ ಮಾಡಿದರೆ ಮಿತಿ ಮೀರಿರುತ್ತೀಯ. ಸರಿಪಡಿಸಲು ಹಿಂದಕ್ಕೆ ತಿರುಗುತ್ತೀಯ, ಮತ್ತೆ ಮೀರುತ್ತೀಯ. ಹಾವಿನ ಹಾಗೆ ಹೊರಳುತ್ತಾ ಹೋಗೋದು ಹೀಗೇ. ತಿರುಗುವಾಗ ಡಿಜಿ ನೋಡು, ನೇರವಾಗಿ ನೆಲೆಸಿದ ಮೇಲೆ ಟ್ರ್ಯಾಕ್ ನೋಡು. ಡಿಜಿಯೇ ಸತ್ತುಹೋದರೆ ಟ್ರ್ಯಾಕ್ ಅದರ ಜಾಗದಲ್ಲಿ ಕೆಲಸಕ್ಕೆ ಬರುತ್ತೆ, ಒಳ್ಳೆಯ ಆಪದ್ಬಾಂಧವನೇ. ಆಗಲೂ ತಿರುವು ಮೆಲ್ಲಗಿರಲಿ, ಬೇಕಾದ ಅಂಕಿ ಬರುವ ಮೊದಲೇ ರೆಕ್ಕೆ ಸಮ ಮಾಡು.

ಈಗ ಉತ್ತರ ದಿಕ್ಕಿನ ಮಾತು. ಇದನ್ನ ನೀನು ಕೇಳಿಲ್ಲ, ಆದರೆ ಮುಂದಿನ ವರ್ಷ ನ್ಯೂಜಿಲೆಂಡಿಗೆ ಹೋಗಿ ಕಮರ್ಷಿಯಲ್ ಲೈಸೆನ್ಸ್ ಮಾಡುವ ಯೋಚನೆ ಇದೆ ಅಂತ ಅಕ್ಕ ಹೇಳಿದಳು. ಉಪಗ್ರಹದ ಲೆಕ್ಕಕ್ಕೆ ಗೊತ್ತಿರೋದು ಭೂಮಿಯ ಅಕ್ಷದ ಉತ್ತರ ಮಾತ್ರ. ರನ್‌ವೇ ಸಂಖ್ಯೆ, ಕಂಪಾಸು, ಕಂಟ್ರೋಲರ್ ಕೊಡುವ ಹೆಡಿಂಗು, ಎಲ್ಲ ಮ್ಯಾಗ್ನೆಟಿಕ್. ಡಬ್ಬಿಯ ಟ್ರ್ಯಾಕ್ ಲೆಕ್ಕದಲ್ಲಿ ಅಯಸ್ಕಾಂತಕ್ಕೆ ಪಾತ್ರವೇ ಇಲ್ಲ, ಆದರೂ ಅದು ಮ್ಯಾಗ್ನೆಟಿಕ್ ಅಂಕಿ ತೋರಿಸುತ್ತೆ. ಯಾವ ಊರಿನಲ್ಲಿ ಎರಡು ಉತ್ತರಗಳ ನಡುವೆ ಎಷ್ಟು ಅಂತರ ಅನ್ನೋ ಕೋಷ್ಟಕ ಅದರ ಹೊಟ್ಟೆಯೊಳಗಿದೆ, ಅದನ್ನ ನೋಡಿ ಕೂಡಿಸಿ ಕಳೆದು ಹೇಳುತ್ತೆ. ಭೂಮಿಯ ಕಾಂತಕ್ಷೇತ್ರ ಮೆಲ್ಲಗೆ ಬದಲಾಗುತ್ತಿರೋದರಿಂದ ವರ್ಲ್ಡ್ ಮ್ಯಾಗ್ನೆಟಿಕ್ ಮಾಡೆಲ್ಲನ್ನ ಐದು ವರ್ಷಕ್ಕೊಮ್ಮೆ ಹೊಸದಾಗಿ ಕೊಡುತ್ತಾರೆ. ತೀರ ಹಳೆಯ ಡಬ್ಬಿಯಲ್ಲಿ ಹಳೆಯ ಕೋಷ್ಟಕವೇ ಉಳಿದಿರಬಹುದು, ಸಾಫ್ಟ್‌ವೇರ್ ಹೊಸದು ಮಾಡಿಸು.

ಸೆಟ್ಟಿಂಗಿನಲ್ಲಿ ಉತ್ತರವನ್ನ ಟ್ರೂ ಅಂತ ಇಟ್ಟುಬಿಟ್ಟಿದ್ದರೂ ಬೆಂಗಳೂರಿನಲ್ಲಿ ನಿನಗೆ ಗೊತ್ತಾಗೋದಿಲ್ಲ. ಇಲ್ಲಿ ಆ ಎರಡು ಉತ್ತರಗಳ ಅಂತರ, ಅಂದರೆ ವೇರಿಯೇಷನ್, ಒಂದೆರಡು ಡಿಗ್ರಿ, ಡಿಜಿಯಲ್ಲಿ ಒಂದು ಗೀಟೂ ಆಗೋದಿಲ್ಲ. ನಮ್ಮ ಹುಡುಗರು ಹೊರದೇಶದಲ್ಲಿ ಎಡವೋದು ಇದಕ್ಕೇ. ನ್ಯೂಜಿಲೆಂಡಿನಲ್ಲಿ ಅದು ಇಪ್ಪತ್ತು ಡಿಗ್ರಿಯ ಸುಮಾರು. ಇಪ್ಪತ್ತು ಡಿಗ್ರಿ ತಪ್ಪಿದರೆ ಅರವತ್ತು ಮೈಲಿಗೆ ಇಪ್ಪತ್ತು ಮೈಲಿ ಆಚೆ ಹೋದೆ ಅಂತಲೇ ಲೆಕ್ಕ. ಅಲ್ಲಿಗೆ ಹೋದ ದಿನವೇ ಡಬ್ಬಿ ತೆಗೆದು ಉತ್ತರ 'ಆಟೋ ಮ್ಯಾಗ್ನೆಟಿಕ್' ಇದೆಯೇ ನೋಡು. ಸೆಕೆಂಡ್‌ಹ್ಯಾಂಡ್ ಮಾಲು ಬೇರೆ, ಹಿಂದಿನವನು ಏನು ಇಟ್ಟಿದ್ದನೋ.

ಕಂಪಾಸಿನ ವಿಷಯದಲ್ಲೂ ಇದೇ ಥರದ ಒಂದು ಸಂಗತಿ ಇದೆ, ನನಗೆ ಇದು ಬಲು ಇಷ್ಟ. ಉತ್ತರಕ್ಕೆ ತಿರುಗುವಾಗ ಕಂಪಾಸು ಹಿಂದೆ ಬೀಳುತ್ತೆ, ದಕ್ಷಿಣಕ್ಕೆ ತಿರುಗುವಾಗ ಮುಂದೆ ಓಡುತ್ತೆ ಅಂತ ಪುಸ್ತಕದಲ್ಲಿ ಪುಟಗಟ್ಟಲೆ ಬರೆದಿರುತ್ತಾರೆ. ಬರೆದವರು ಇಂಗ್ಲೆಂಡಿನವರು, ಅಮೆರಿಕದವರು. ಲಂಡನ್ನಿನಲ್ಲಿ ಭೂಮಿಯ ಕಾಂತರೇಖೆ ನೆಲದೊಳಕ್ಕೆ ಸುಮಾರು 66 ಡಿಗ್ರಿ ಬಾಗಿದೆ, ದೋಷ ಹುಟ್ಟೋದು ಆ ಬಾಗಿನಿಂದ. ನಮ್ಮಲ್ಲಿ ಅದು ತೀರ ಕಡಿಮೆ, ಯಾಕಂದರೆ ಕಾಂತೀಯ ಸಮಭಾಜಕವೃತ್ತ ನಮ್ಮ ದೇಶದ ದಕ್ಷಿಣ ತುದಿಯಲ್ಲೇ ಹಾದುಹೋಗುತ್ತೆ. 1963ರಲ್ಲಿ ಭಾರತದ ಮೊದಲ ರಾಕೆಟ್ಟನ್ನ ಕೇರಳದ ತುಂಬಾದಿಂದ ಹಾರಿಸಿದ್ದೂ ಆ ರೇಖೆ ಅಲ್ಲಿ ಹತ್ತಿರ ಇದ್ದದ್ದಕ್ಕೇ. ಹಾಗಾಗಿ ಜಕ್ಕೂರಿನಲ್ಲಿ ಕಲಿತ ಹುಡುಗರಿಗೆ ಪುಸ್ತಕ ಸುಳ್ಳು ಅನ್ನಿಸುತ್ತೆ. ನ್ಯೂಜಿಲೆಂಡಿನಲ್ಲಿ ಕಾಂತರೇಖೆಯ ಬಾಗು ಜೋರಾಗಿದೆ, ಅದೂ ಉಲ್ಟಾ ಕಡೆಗೆ, ಅದು ದಕ್ಷಿಣಾರ್ಧಗೋಳ. ಮೊದಲ ತಿರುವಿನಲ್ಲೇ ಬೆಚ್ಚಿಬೀಳಬೇಡ.

ಡಬ್ಬಿಯನ್ನ ಎಲ್ಲಿ ಕೂರಿಸುತ್ತೀಯ ಅನ್ನೋದನ್ನೂ ನೋಡಿಕೊ. ಡ್ಯಾಶ್‌ಬೋರ್ಡಿನ ಮೇಲೆ ಕಂಪಾಸಿನ ಪಕ್ಕ ಇಟ್ಟರೆ ಆಕಾಶ ಚೆನ್ನಾಗಿ ಕಾಣುತ್ತೆ, ಸಂಕೇತ ಚೆನ್ನಾಗಿ ಸಿಗುತ್ತೆ, ಕಂಪಾಸು ಮಾತ್ರ ಕೆಟ್ಟುಹೋಗುತ್ತೆ. ಈಗಿನ ಅಯಸ್ಕಾಂತದ ಮೊಬೈಲ್ ಹೋಲ್ಡರುಗಳಂತೂ ಇನ್ನೂ ಕೆಟ್ಟವು. ಎಂಜಿನ್ ಶುರುಮಾಡಿದ ಮೇಲೆ ಡಬ್ಬಿಯನ್ನ ಅದರ ಜಾಗಕ್ಕೆ ತಂದು, ದೂರ ಒಯ್ದು, ಮತ್ತೆ ತಂದು ನೋಡು. ಕಂಪಾಸಿನ ತಟ್ಟೆ ಅಲ್ಲಾಡಿದರೆ ಜಾಗ ಬದಲಾಯಿಸು.

ನಕ್ಷೆಯ ತಲೆ ಉತ್ತರಕ್ಕಿರಲಿ ಅಥವಾ ಹೋಗುವ ಕಡೆಗಿರಲಿ, ಅದು ನಿನ್ನಿಷ್ಟ. ಆದರೆ ಟ್ರ್ಯಾಕ್ ಅಪ್ ಇಟ್ಟುಕೊಂಡರೆ ಒಂದು ನೆನಪಿರಲಿ. ನಕ್ಷೆ ತಿರುಗೋದು ದಾರಿಗೆ, ಮೂಗಿಗಲ್ಲ. ನೆಲದ ಮೇಲೆ ನಿಂತಾಗ ಅದು ಗಿರಗಿರ ತಿರುಗುವುದೂ ಇದಕ್ಕೇ.

ನಿನ್ನ ತಮ್ಮನಿಗೆ ಪ್ಯಾರಾಗ್ಲೈಡಿಂಗ್ ಹುಚ್ಚು ಹಿಡಿದಿದೆಯಂತೆ. ಅವನಿಗೆ ಇದನ್ನ ವಿಶೇಷವಾಗಿ ಹೇಳು. ಪ್ಯಾರಾಗ್ಲೈಡರ್ ಗಾಳಿಯಲ್ಲಿ ಸಾಗೋದು ಗಂಟೆಗೆ ಮೂವತ್ತಾರು ಮೂವತ್ತೆಂಟು ಕಿಲೋಮೀಟರು ವೇಗದಲ್ಲಿ. ಎದುರುಗಾಳಿ ನಲವತ್ತಾದರೆ ಅವನು ಪಶ್ಚಿಮಕ್ಕೆ ಮುಖ ಮಾಡಿಕೊಂಡೇ ಪೂರ್ವಕ್ಕೆ ಹೋಗುತ್ತಾನೆ, ಬೆನ್ನು ಮುಂದಾಗಿ. ಜಿಪಿಎಸ್ ಒಂದು ಕ್ಷಣದಲ್ಲಿ 270 ಇದ್ದದ್ದು 90 ಅನ್ನುತ್ತೆ. ಬಾಣ ತಲೆಕೆಳಗಾಯಿತು ಅಂತ ಗಾಬರಿಯಿಂದ ಗ್ಲೈಡರ್ ತಿರುಗಿಸಿದರೆ ಬಾಲಗಾಳಿ ಸೇರಿ ಎಂಬತ್ತರ ವೇಗದಲ್ಲಿ ಬೆಟ್ಟದ ಹಿಂಬದಿಗೆ ತೂರಿಕೊಂಡು ಹೋಗುತ್ತಾನೆ. ಬಾಣ ತಿರುಗಿತು ಅಂದರೆ ದಿಕ್ಕು ತಪ್ಪಿತು ಅಂತಲ್ಲ, ಗಾಳಿ ಗೆದ್ದಿತು ಅಂತ. ಕಿವಿ ಹಿಂಡಿ ಹೇಳು.

ಇಷ್ಟೆಲ್ಲ ಹೇಳಿದ ಮೇಲೆ ಮಾವನಿಗೆ ಜಿಪಿಎಸ್ ಕಂಡರೆ ಆಗೋದಿಲ್ಲ ಅಂದುಕೊಳ್ಳಬೇಡ. ಇಸ್ರೋ ಮತ್ತು ವಿಮಾನ ನಿಲ್ದಾಣ ಪ್ರಾಧಿಕಾರ ಸೇರಿ ಮಾಡಿರುವ ಗಗನ್ ವ್ಯವಸ್ಥೆ ನಮ್ಮ ಬೆಂಗಳೂರಿನ ಕುಂದಲಹಳ್ಳಿಯಿಂದಲೇ ತಿದ್ದುಪಡಿ ಲೆಕ್ಕ ಹಾಕಿ ಉಪಗ್ರಹಕ್ಕೆ ಕಳಿಸುತ್ತೆ. ಅದನ್ನ ಬಳಸುವ ಸಲಕರಣೆಗೆ ಸ್ಥಾನ ಇನ್ನೂ ನಿಖರವಾಗಿ ಸಿಗುತ್ತೆ. ಆದರೆ ಎಷ್ಟೇ ನಿಖರವಾದರೂ ಅದು ಹೇಳೋದು ಸ್ಥಾನ, ಮೂಗಿನ ದಿಕ್ಕಲ್ಲ. ಅಲ್ಲದೆ ಸಂಕೇತವನ್ನ ಕೆಡಿಸುವವರೂ, ಸುಳ್ಳು ಸಂಕೇತ ಬಿಡುವವರೂ ಈಗ ಇದ್ದಾರೆ. ಇದರ ಬಗ್ಗೆ ಎಚ್ಚರ ಹೇಳಿ ನಾಗರಿಕ ವಿಮಾನಯಾನದ ನಿಯಂತ್ರಕ ಡಿಜಿಸಿಎ 2023ರಲ್ಲಿ ಸುತ್ತೋಲೆಯನ್ನೇ ಹೊರಡಿಸಿತು. ಡಿಜಿ 238, ಗಾಳಿ ಬಲಗಡೆಯಿಂದ, ಟ್ರ್ಯಾಕ್ ಮಾತ್ರ 260 ಅಂತ ತೋರಿಸಿದರೆ, ಅಂದರೆ ಗಾಳಿ ಬರುವ ಕಡೆಗೇ ನೀನು ಜಾರುತ್ತಿದ್ದೀಯ ಅಂತ ಹೇಳಿದರೆ, ಎಲ್ಲೋ ಎಡವಟ್ಟಾಗಿದೆ ಅಂತ ತಿಳಿ. ಎರಡು ಅಂಕಿಯನ್ನೂ ದಿನವೂ ಹೋಲಿಸಿ ನೋಡುವ ಅಭ್ಯಾಸ ಇದ್ದವಳಿಗೆ ಮಾತ್ರ ಅದು ಹೊಳೆಯುತ್ತೆ.

ಆ ಅಭ್ಯಾಸ ರನ್‌ವೇಯಿಂದಲೇ ಶುರುವಾಗಲಿ. ಜಕ್ಕೂರಿನ 08 ರನ್‌ವೇಯಲ್ಲಿ ಓಡುವಾಗ ಟ್ರ್ಯಾಕ್ 80ರ ಆಸುಪಾಸಿಗೆ ಬಂತೇ ಅಂತ ಒಂದು ಕಣ್ಣು ಹಾಯಿಸು. ನೆಲ ಬಿಡುವವರೆಗೆ ಮೂಗೂ ದಾರಿಯೂ ಒಂದೇ, ಡಬ್ಬಿಯನ್ನೂ ಡಿಜಿಯನ್ನೂ ಹೋಲಿಸಲು ಅದಕ್ಕಿಂತ ಒಳ್ಳೆಯ ಜಾಗ ಇಲ್ಲ. ಏರಿದ ಮೇಲೆ, ನೆಲೆಸಿದ ಮೇಲೆ, ಹತ್ತು ನಿಮಿಷಕ್ಕೊಮ್ಮೆ ತೊಡೆಯ ಮೇಲಿನ ಪ್ಯಾಡಿನಲ್ಲಿ ನಾಲ್ಕು ಅಂಕಿ ಬರೆದುಕೊ. ಹೆಡಿಂಗ್, ಟ್ರ್ಯಾಕ್, ಗಾಳಿಯಲ್ಲಿನ ನಿಜ ವೇಗ, ಗ್ರೌಂಡ್ ಸ್ಪೀಡ್. 90 ನಾಟ್ ವಿಮಾನಕ್ಕೆ ಒಂದೊಂದು ಡಿಗ್ರಿ ಡ್ರಿಫ್ಟಿಗೂ ಒಂದೂವರೆ ನಾಟ್ ಅಡ್ಡಗಾಳಿ ಅಂತ ಇಟ್ಟುಕೊ. ಹನ್ನೊಂದು ಡಿಗ್ರಿ ಅಂದರೆ ಹದಿನಾರು ಹದಿನೇಳು ನಾಟ್. ತೊಂಬತ್ತರಲ್ಲಿ ಎಪ್ಪತ್ತು ಕಳೆದರೆ ಎದುರುಗಾಳಿ ಇಪ್ಪತ್ತು. ಎರಡನ್ನೂ ಸೇರಿಸಿದರೆ ಬಲಮುಂದೆಯಿಂದ ಇಪ್ಪತ್ತೈದು ಇಪ್ಪತ್ತಾರು ನಾಟ್. ಆ ಗಾಳಿ ಇಳಿಯುವ ಕಡೆ ಯಾವ ರನ್‌ವೇ ಕೊಡಬಹುದು, ಪೆಟ್ರೋಲು ವಾಪಸು ಬರಲು ಸಾಕೇ, ಗಾಳಿ ತಿರುಗುತ್ತಿದೆಯೇ, ಅಂದರೆ ಮುಂದೆ ಮಳೆ ಇದೆಯೇ, ಎಲ್ಲವೂ ಆ ನಾಲ್ಕು ಅಂಕಿಯಿಂದ ನೆಲ ಕಾಣದಿದ್ದರೂ ಗೊತ್ತಾಗುತ್ತೆ. ನಮ್ಮ ಕಾಲದಲ್ಲಿ ಇದಕ್ಕೆ ಕೆಳಗಿನ ರೈಲುದಾರಿ, ಕೈಗಡಿಯಾರ, ಪೆನ್ಸಿಲು ಹಿಡಿದು ಅರ್ಧ ಗಂಟೆ ಒದ್ದಾಡಬೇಕಾಗಿತ್ತು.

ಈ ತಿಂಗಳ ಕ್ರಾಸ್ ಕಂಟ್ರಿ ಮುಗಿಸಿದ ಮೇಲೆ ಆ ಪ್ಯಾಡಿನ ಹಾಳೆಯ ಫೋಟೋ ಕಳಿಸು. ನಕ್ಷೆ ಬೇಡ, ಅಂಕಿಗಳಷ್ಟೇ ಸಾಕು. ಯಾವ ಹೊತ್ತಿಗೆ ಗಾಳಿ ಎಲ್ಲಿಂದ ಬೀಸುತ್ತಿತ್ತು ಅಂತ ನಾನು ಇಲ್ಲಿ ಕೂತು ಲೆಕ್ಕ ಹಾಕುತ್ತೀನಿ, ನೀನು ಅಲ್ಲಿ ಹಾಕು, ಆಮೇಲೆ ತಾಳೆ ನೋಡೋಣ. ಬ್ಯಾಟರಿ ಎರಡು ಜೊತೆ ಹೆಚ್ಚಿಗೆ ಇಟ್ಟುಕೊ.